ಪ್ರಶಸ್ತಿ ಬಂದ ಸಾಲಿ

ವಿಕ್ರೋಳಿ
8 ಜುಲೈ 2024

ಮುಸರತ,

ಫೋನ್ ಮಾಡಿದ್ರ ಎತ್ತೂದಿಲ್ಲ, ವಾಟ್ಸಾಪಿನ್ಯಾಗ ಬ್ಲಾಕ್ ಮಾಡೀದಿ. ಮಾಡು. ನಿನ್ನ ಮೈದುನ ಮೌಲಾಲಿ ನಮ್ಮ ಸಾಲಿ ಸಿಪಾಯಿ ಇರೂತನಕ ನನಗೇನ್ ಚಿಂತಿ? ದಿನಾ ಸಂಜೀಕ ಅಂವ ಸಾಂತಾಕ್ರೂಜಿಗೆ, ಅದೂ ನಿಮ್ಮ ಬಿಲ್ಡಿಂಗಿಗೇ ಬರಬೇಕಲ್ಲ. ಈ ಕಾಗದ ಅವನ ಟಿಫಿನ್ ಚೀಲದಾಗ ಹಾಕಿ ಕಳಸೀನಿ. ಹರದು ಒಗೀತಿ ಅಂದ್ರ ಒಗಿ, ಆದರ ಓದಿ ಒಗಿ.

ಸುದ್ದಿ ಕೇಳು. ಈ ವರ್ಷದ ಆದರ್ಶ ಶಿಕ್ಷಕಿ ಪ್ರಶಸ್ತಿಗೆ ನನ್ನ ಹೆಸರು ಹೋಗ್ಯದ! ಈರಣ್ಣ ಸರ್ ತಾವಾಗೇ ಕಳಿಸ್ಯಾರ. ಹೆಡ್ ಮಾಸ್ತರ ಆದ ಮ್ಯಾಲ ಆ ಮನುಷ್ಯ ಮಾಡಿದ ಮೊದಲನೇ ಒಳ್ಳೇ ಕೆಲಸ ಇದು. ನಗಬ್ಯಾಡ. ನನಗ ಹಾರ, ಶಾಲು ಬೇಕಾಗಿಲ್ಲ, ಅದು ನಿನಗೂ ಗೊತ್ತದ. (ಸ್ವಲ್ಪ ಬೇಕಾಗ್ಯದ. ಸುಳ್ಳು ಯಾಕ ಹೇಳಲಿ.) ಆದರ ಇಡೀ ಮುಂಬೈದಾಗ ಮುನ್ಸಿಪಾಲ್ಟಿ ಕನ್ನಡ ಸಾಲಿ ಒಂದೊಂದೇ ಬಾಗಿಲ ಹಾಕಲಿಕ್ಕತ್ತಾವ. ಪ್ರತಿ ಬ್ಯಾಸಗಿ ನಾನು ಚಾಳ್ ಚಾಳ್ ತಿರಗಿ, ಒಂದೊಂದು ಮನಿ ಹೊಸ್ತಿಲಿಗೆ ಕುಂತು, "ನಿಮ್ಮ ಹುಡುಗನ್ನ ಕಳಸ್ರಿ ಯವ್ವಾ" ಅಂತ ಬೇಡಿಕೊಂಡು ಮಕ್ಕಳನ್ನ ತರ್ತೀನಿ. ಪ್ರಶಸ್ತಿ ಬಂದ ಸಾಲೀನ ಮುಚ್ಚಲಿಕ್ಕ ಯಾವ ಸಾಹೇಬನೂ ಧೈರ್ಯ ಮಾಡೂದಿಲ್ಲ. ಅದಕ್ಕ ನನಗ ಈ ಪ್ರಶಸ್ತಿ ಬೇಕು.

ಆಗಸ್ಟ್ ತಿಂಗಳದಾಗ ಕಮಿಟಿಯವರು ಬಂದು ನನ್ನ ಪಾಠ ನೋಡ್ತಾರ. ನನ್ನ ಕ್ಲಾಸಿನ್ಯಾಗ ಮಕ್ಕಳು ಎಷ್ಟು ಕಮ್ಮಿ ಅನ್ನೂದು ನಿನಗ ಗೊತ್ತು. ರೂಢಿನೂ ಗೊತ್ತು: ಪಾಠ ನೋಡಲಿಕ್ಕ ಬರೂ ದಿನ ಒಂದು ಸಾಲಿ ಇನ್ನೊಂದು ಸಾಲಿಗೆ ಮಕ್ಕಳನ್ನ ಕಡ ಕೊಡ್ತದ, ಸಕ್ಕರಿ ಕೊಟ್ಟಂಗ. ನಿನ್ನ ಸಾಂತಾಕ್ರೂಜ್ ಸಾಲಿಯಿಂದ ಒಂದು ಹದಿನೈದು ಮಕ್ಕಳನ್ನ ಒಂದು ದಿನದ ಮಟ್ಟಿಗೆ ಕಳಸು. ಬಸ್ಸಿನ ವ್ಯವಸ್ಥಾ ಈರಣ್ಣ ಸರ್ ಮಾಡ್ತಾರ.

ಹಳೇದು ತಗೀಬ್ಯಾಡ. ಎರಡು ವರ್ಷದ ಹಿಂದ ಮಳಿಗಾಲದಾಗ ನಮ್ಮ ಮ್ಯಾಲಿನ ಹಾಲಿನ ಸ್ಲ್ಯಾಬಿನ ಪ್ಲಾಸ್ಟರ್ ಖಾಲಿ ಬೆಂಚಿನ ಮ್ಯಾಲ ಬಿತ್ತು. ನೀ ವಾರ್ಡ್ ಆಫೀಸಿಗೆ ಅರ್ಜಿ ಬರದಿ. ನಾ ಸಹಿ ಹಾಕಲಿಲ್ಲ. ನಿನಗ ಬದಲಿ ಆತು, ಸ್ಲ್ಯಾಬ್ ಇದ್ದಲ್ಲೇ ಇತ್ತು. ಆವಾಗ ಬಿಲ್ಡಿಂಗ್ ಅಪಾಯದ್ದು ಅಂತ ಬರಕೊಟ್ಟಿದ್ರ ಮಕ್ಕಳನ್ನೆಲ್ಲಾ ಹಿಂದಿ, ಮರಾಠಿ ಸಾಲಿಗೆ ಹಂಚಿ ಕನ್ನಡದ ಕಥೀನೇ ಮುಗಸ್ತಿದ್ರು. ನಾ ಮಾಡಿದ್ದು ಸರಿ ಅಂತ ಇವತ್ತಿಗೂ ಹೇಳ್ತೀನಿ. ಜಗಳ ಆಡೂದಿದ್ರ ಮಕ್ಕಳನ್ನ ಕಳಿಸಿ ಆಮ್ಯಾಲ ಆಡು.

ನಿನ್ನ
ಶಿವಕುಮಾರಿ

* * *

ಸಾಂತಾಕ್ರೂಜ್
17 ಜುಲೈ 2024

ಶಿವಕುಮಾರಿ ಟೀಚರ್ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ನಿಮ್ಮ ಹೆಸರು ಹೋದದ್ದು ಸಂತೋಷ. ನಿಮ್ಮಷ್ಟು ಚಂದ ಪಾಠ ಮಾಡೂವರನ್ನ ನಾನು ನೋಡಿಲ್ಲ, ಇದನ್ನ ಎಲ್ಲಿ ಬೇಕಾದರೂ ಹೇಳ್ತೀನಿ.

ಮಕ್ಕಳನ್ನ ಕಳಸಲಿಕ್ಕ ಆಗೂದಿಲ್ಲ. ಆ ಸ್ಲ್ಯಾಬಿನ ಕೆಳಗ ನಾನು ನನ್ನ ಕ್ಲಾಸಿನ ಒಂದು ಕೂಸನ್ನೂ ಕೂಡಿಸೂದಿಲ್ಲ.

ಒಂದೇ ಮಾತು ಕೇಳ್ತೀನಿ. ಪಾಠ ಯಾವ ಖೋಲಿಯಾಗ ಇಟ್ಟೀರಿ?

ಇಂತಿ,
ಮುಸರತ

* * *

ವಿಕ್ರೋಳಿ
27 ಆಗಸ್ಟ್ 2024

ಮುಸರತ,

"ಅವರಿಗೆ" ಅಂತ ಬರದೀದಿ! ವಿಜಯಪುರದಾಗ ಒಂದೇ ತಾಟಿನ್ಯಾಗ ಉಂಡು ಬೆಳದವರು ನಾವು. ನೋಡೋಣ, ಊರಿಗೆ ಬಂದಾಕಿ ನೀರಿಗೆ ಬರಲಾರದ ಎಷ್ಟ ದಿನ ಇರ್ತಾಳ.

ನಿನ್ನ ಮಕ್ಕಳು ಬರಲಿಲ್ಲ ಅಂತ ಏನೂ ನಿಲ್ಲಲಿಲ್ಲ. ಘಾಟ್ಕೋಪರದ ಕನ್ನಡ ಸಾಲಿಯವರು ಬಸ್ ತುಂಬಿ ಕಳಿಸಿದ್ರು. ಪಾಠ ಮ್ಯಾಲಿನ ಹಾಲಿನ್ಯಾಗೇ ಆತು, ಮತ್ತೆಲ್ಲಿ ಆಗಬೇಕು? ಅಷ್ಟು ಮಕ್ಕಳು ಹಿಡಿಯೂ ಜಾಗಾ ಅದೊಂದೇ. ಈಗ ನೀ ಬಂದ್ರ ಆ ಹಾಲ್ ಗುರತೂ ಹಿಡಿಯಾಕಿಲ್ಲ. ಈರಣ್ಣ ಸರ್ ಯಾರೋ ಒಬ್ಬ ದಾನೀನ ಹಿಡದು ಇಡೀ ಹಾಲಿಗೆ ಫಾಲ್ಸ್ ಸೀಲಿಂಗ್ ಹಾಕಿಸ್ಯಾರ. ಬಿರುಕು, ಜಂಗ್ ಹಿಡದ ಕಬ್ಬಿಣದ ಸಳಿ, ಹಸಿ ಕಲೆ, ಒಂದೂ ಕಾಣೂದಿಲ್ಲ. ಮ್ಯಾಲ ನೀಲಿ ಬಣ್ಣ ಹೊಡಿಸಿ ಸೂರ್ಯ, ಗ್ರಹ, ನಕ್ಷತ್ರ ಬರಿಸ್ಯಾರ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಅಂತ ನೀ ಅಂತಿ. ಅನ್ನು.

ಪಾಠ ಹೆಂಗ ಆತು ಅಂದ್ರ, ಖರೇನ ಹೇಳ್ತೀನಿ ಮುಸರತ, ಹಂಗ ನಾನು ಹಿಂದೆಂದೂ ಮಾಡಿಲ್ಲ. ಸೌರವ್ಯೂಹ. ಮಕ್ಕಳನ್ನೇ ಗ್ರಹ ಮಾಡಿದೆ. ಮನಿಗೆಲಸಕ್ಕ ಹೋಗೂ ಭಾಗವ್ವನ ಮಗಳು ಶೀತಲ, ನಾಲ್ಕನೆತ್ತೆ, ಅಕಿ ಭೂಮಿ. ತನ್ನ ಸುತ್ತ ತಾನೂ ತಿರಗಬೇಕು, ಸೂರ್ಯನ ಸುತ್ತನೂ ತಿರಗಬೇಕು. ತಿರಗಿ ತಿರಗಿ ತಲಿ ಚಕ್ಕರ ಬಂದು ಕಮಿಟಿ ಮೇಡಂ ತೊಡಿ ಮ್ಯಾಲೇ ಬಿದ್ದಳು! ಮೇಡಂ ನಕ್ಕು ನಕ್ಕು ತಾವೇ ಎದ್ದು ಶನಿ ಆದರು. ಎಲ್ಲಾರೂ ಕುಣದೇ ಕುಣದರು. ಕೆಳಗಿನ ಮಾಳಿಗಿಯ ಹಿಂದಿ ಸಾಲಿ ವಂದನಾ ಟೀಚರ್ ಓಡಿ ಬಂದಳು: "ಏನ್ ನಡಸೀರಿ ಮ್ಯಾಲ? ನಮ್ಮ ಮಕ್ಕಳ ತಲಿ ಮ್ಯಾಲ ಸುಣ್ಣ ಉದುರಲಿಕ್ಕತ್ತದ!" ಅಂತ. ಈರಣ್ಣ ಸರ್ ಅಕೀನ ಸಮಾಧಾನ ಮಾಡಿ ಇಳಿಸಿ ಕಳಿಸಿದ್ರು.

ಹೋಗೂ ಮುಂದ ಕಮಿಟಿಯವರೊಬ್ಬರು ಮ್ಯಾಲ ನೋಡಿ, "ಸೀಲಿಂಗ್ ಬಾಳ ಚಂದ ಅದ. ಇದರ ಮ್ಯಾಲ ಸ್ಲ್ಯಾಬ್ ಹೆಂಗದ?" ಅಂತ ಕೇಳಿದ್ರು. "ಏಕದಂ ಗಟ್ಟಿ" ಅಂದ್ರು ಈರಣ್ಣ ಸರ್. ಆಮ್ಯಾಲ ಇಬ್ಬರೂ ನನ್ನ ಮಾರಿ ನೋಡಿದ್ರು. ಹೂಂ ಅಂತ ಗೋಣು ಹಾಕಿದೆ. ಅಲ್ಲಿ ನಿಂತು ಮತ್ತೇನ್ ಹೇಳಬೇಕಿತ್ತು, ನೀನೇ ಹೇಳು.

ನಿನ್ನೆ ಫೋನ್ ಬಂತು. ಪ್ರಶಸ್ತಿ ನನಗೇ.

ಬಾ ಅಂತ ಕರ್ಯಾಕತ್ತೀನಿ. ಶಿಕ್ಷಕರ ದಿನ, ಪರೇಲಿನ ಸಭಾಗೃಹದಾಗ, ಸಂಜಿ ನಾಲ್ಕಕ್ಕ. ನನ್ನ ಕಡೆಯವರು ಅಂತ ಎರಡು ಕುರ್ಚಿ ಕೊಡ್ತಾರ. ಒಂದು ನಿನಗ ಹಿಡಿದಿಡ್ತೀನಿ.

ನಿನ್ನ
ಶಿವಕುಮಾರಿ

* * *

ವಿಕ್ರೋಳಿ
23 ಸೆಪ್ಟೆಂಬರ್ 2024

ಮುಸರತ,

ಕುರ್ಚಿ ಖಾಲಿ ಇತ್ತು. ನೀ ಬರಾಕಿ ಅಂತ ಕಡೀತನಕ ಯಾರನ್ನೂ ಕೂಡಗೊಡಲಿಲ್ಲ ನಾನು, ಒಬ್ಬಾಕಿ ಸಂಗಟ ಜಗಳನೂ ಆಡಿದೆ. ಹೋಗಲಿ ಬಿಡು.

ಗೇಟಿಗೆ ನನ್ನ ಫೋಟೊದ ಬ್ಯಾನರ್ ಕಟ್ಟ್ಯಾರ. ಆನಿ ಗಾತ್ರದ ಮಾರಿ! ಮೀನ ಮಾರಾಕಿನೂ ನನ್ನ ನೋಡಿ "ನಮಸ್ತೆ ಟೀಚರ್" ಅಂತಾಳ. ಭಾಗವ್ವ ತನ್ನ ಸಣ್ಣ ಮಗನ್ನ ಇಂಗ್ಲಿಷ್ ಸಾಲಿಯಿಂದ ಬಿಡಿಸಿ ತಂದು ನನ್ನ ಮುಂದ ನಿಲ್ಲಿಸಿ, "ಅಕ್ಕೋರ, ಪ್ರಶಸ್ತಿ ಬಂದ ಸಾಲಿ, ಇಲ್ಲೇ ಕಲೀಲಿ" ಅಂದಳು. ಇಪ್ಪತ್ತು ವರ್ಷದಾಗ ಮೊದಲನೇ ಸಲ ನಾ ಬೇಡದ ಒಂದು ಕೂಸು ತಾನಾಗೇ ಬಂತು. ಬಾತ್‌ರೂಮಿಗೆ ಹೋಗಿ ಅತ್ತೆ.

ಈಗ ಕ್ಲಾಸ್ ಅದೇ ಹಾಲಿನ್ಯಾಗ ತಗೋತೀನಿ. ಮಕ್ಕಳು ಗ್ರಹದ ಕೆಳಗೇ ಕೂಡ್ತೀವಿ ಅಂತ ಹಟ ಹಿಡೀತಾವ. ಒಂದೇ ತಕರಾರು, ಮ್ಯಾಲ ಇಲಿ ಸೇರ್ಯಾವ. ಪಾಠ ಮಾಡೂ ಮುಂದ ಸೀಲಿಂಗಿನ ಮ್ಯಾಲ ಟಪ್ ಅಂತದ, ಸರ್ರ್ ಅಂತ ಏನೋ ಜಾರತದ. ಮಕ್ಕಳು ನಗತಾವ. ಮೌಲಾಲಿಗೆ ಔಷಧ ಇಡಲಿಕ್ಕ ಹೇಳೀನಿ.

ನಿನ್ನ
ಶಿವಕುಮಾರಿ

* * *

ಸಾಂತಾಕ್ರೂಜ್
9 ನವೆಂಬರ್ 2024

ಶಿವಕುಮಾರಿ ಟೀಚರ್ ಅವರಿಗೆ,

ದೀಪಾವಳಿ ಫರಾಳ ಮೌಲಾಲಿ ತಂದು ಕೊಟ್ಟ. ಮಕ್ಕಳು ತಿಂದರು. ಶುಕ್ರಿಯಾ.

ನಿಮ್ಮ ಸೆಪ್ಟೆಂಬರ್ ಕಾಗದಕ್ಕ ಉತ್ತರ ಬರೀಬಾರದು ಅಂತ ಇದ್ದೆ. ಆದರ ಮನಸ್ಸು ತಡೀಲಿಲ್ಲ. ಇಟ್ಟ ಔಷಧ ಇಟ್ಟಂಗೇ ಅದ, ಒಂದು ಇಲೀನೂ ಸತ್ತಿಲ್ಲ ಅಂತ ಮೌಲಾಲಿ ಹೇಳಿದ. ಮಕ್ಕಳು ಗದ್ದಲ ಹಾಕೂ ಹೊತ್ತಿನ್ಯಾಗ, ಹಾಡಾಹಗಲು, ತಿನ್ನಲಿಕ್ಕ ಒಂದು ಕಾಳಿಲ್ಲದ ಜಾಗದಾಗ ಇಲಿ ಯಾಕ ಓಡಾಡ್ತಾವ ಟೀಚರ್?

ಅವು ಇಲಿ ಅಲ್ಲ ಅಂತ ನಿಮಗ ಗೊತ್ತದ. ನಿಮಗ ಗೊತ್ತದ ಅಂತ ನನಗೂ ಗೊತ್ತದ.

ಇಂತಿ,
ಮುಸರತ

* * *

ವಿಕ್ರೋಳಿ
10 ಫೆಬ್ರವರಿ 2025

ಮುಸರತ,

ಮೂರು ತಿಂಗಳು ಬರೀಲಿಲ್ಲ. ನಿನ್ನ ಮ್ಯಾಲ ಸಿಟ್ಟಿತ್ತು. ಖರೇ ಹೇಳಿದವರ ಮ್ಯಾಲ ಬರೂ ಸಿಟ್ಟು ಬಾಳ ದಿನ ಇರ್ತದ, ನಿನಗ ಗೊತ್ತಲ್ಲ.

ಸೀಲಿಂಗಿಗೆ ಹೊಟ್ಟಿ ಬಂದದ. ಗುರು ಗ್ರಹ ಬರದ ಕಡೆ ಹಲಗಿ ಕೆಳಗ ಜೋತು ಬಿದ್ದದ. ಮೌಲಾಲಿ ಟೇಬಲ್ ಮ್ಯಾಲ ಹತ್ತಿ ಕಸಬರಗಿ ಹಿಡಿಕಿಯಿಂದ ಮೆಲ್ಲಕ ಒತ್ತಿ ನೋಡಿದ. ಏಳಲಿಲ್ಲ. ಗೋಣಿಚೀಲ ಇಟ್ಟಂಗ ಭಾರ ಅದ ಅಂದ. ಕೆಳಗಿಳದು ಬಂದು, "ಟೀಚರ್, ಇನ್ನೊಮ್ಮೆ ಹತ್ತು ಅನ್ನಬ್ಯಾಡ್ರಿ, ಮನಿಯಾಗ ಹೆಂಡ್ತಿ ಮಕ್ಕಳದಾರ" ಅಂದ. ಅವತ್ತೇ ಬೆಂಚ್ ಎಲ್ಲಾ ಗ್ವಾಡಿ ಕಡೆ ಸರಿಸಿದೆ. ನಡುವ ಹೋಗಬ್ಯಾಡ್ರಿ ಅಂತ ಮಕ್ಕಳಿಗೆ ಹೇಳೀನಿ. ಶೀತಲ ಅಂತಾಳ, "ಟೀಚರ್, ಇಲಿಗಳು ದಪ್ಪ ಆಗ್ಯಾವೇನ್ರಿ?" ಅಂತ.

ಈರಣ್ಣ ಸರ್ ಮುಂದ ಹೋಗಿ ನಿಂತೆ. "ಬಾಯಿ ಬಿಟ್ಟರ ಬಣ್ಣಗೇಡು ಟೀಚರ್. ಪ್ರಶಸ್ತಿ ಬಂದ ವರ್ಷ ತಕರಾರು ಮಾಡಿದ್ರ ಕೊಟ್ಟವರ ಮಾರಿಗೆ ಮಸಿ ಬಳದಂಗ" ಅಂದ್ರು. ಆ ಮನುಷ್ಯ ಕೆಟ್ಟಾಂವ ಅಲ್ಲ, ಅಂಜುಬುರುಕ. ರಿಟೈರ್ ಆಗಲಿಕ್ಕ ಒಂದು ವರ್ಷ ಅದ.

ಸೀದಾ ವಾರ್ಡ್ ಆಫೀಸಿಗೆ ಹೋದೆ. ಮುಸರತ, ನಿನ್ನನ್ನ ಅಲ್ಲಿ ಬೆಂಚಿನ ಮ್ಯಾಲ ದಿನಗಟ್ಟಲೆ ಕೂಡಿಸಿದ್ರಲ್ಲ? ನನಗ ಸಾಹೇಬ ಎದ್ದು ನಿಂತ. ಚಾ ತರಿಸಿದ. ಗ್ವಾಡಿ ಮ್ಯಾಲ ಹೊಸಾ ಕ್ಯಾಲೆಂಡರ್ ತೋರಿಸಿದ, ಅದರಾಗ ನಂದೇ ಫೋಟೊ, ಮಕ್ಕಳ ನಡುವ, ತಲಿ ಮ್ಯಾಲ ಅದೇ ನೀಲಿ ಸೀಲಿಂಗ್! ನಾ ಸ್ಲ್ಯಾಬಿನ ಮಾತು ತಗದಾಗ ನಕ್ಕ. "ಮೇಡಂ, ಕಮಿಟಿ ಬಂದಾಗ ಗಟ್ಟಿ ಅದ ಅಂತ ನೀವೇ ಒಪ್ಪಿದ್ರಿ. ಆದರ್ಶ ಶಿಕ್ಷಕಿ ಮಾತು ನಂಬಬೇಕೋ ಬ್ಯಾಡೋ?" ಅಂದ. ಇಂಜಿನಿಯರನ್ನ ಕಳಸ್ರಿ ಅಂದೆ. ಬ್ಯಾಸಗಿ ಆದ ಮ್ಯಾಲ ನೋಡೋಣ ಅಂದ.

ಬಾಗಿಲ ತನಕ ಬಂದು ಒಂದು ಸಿಹಿ ಸುದ್ದಿ ಅಂತ ಹೇಳಿ ಕಳಿಸಿದ. ಘಾಟ್ಕೋಪರದ ಕನ್ನಡ ಸಾಲಿ ಮುಚ್ಚತಾರಂತ. ಅಲ್ಲಿಯ ಮಕ್ಕಳು ಎಲ್ಲಾರೂ ಜೂನಿನಿಂದ ನನ್ನ ಸಾಲಿಗೆ ಬರ್ತಾರ. "ನಿಮ್ಮ ಪ್ರಶಸ್ತಿಗೆ ನಮ್ಮ ಕಾಣಿಕಿ" ಅಂದ.

ಅತ್ತ ದರಿ, ಇತ್ತ ಪುಲಿ. ನನಗ ಅಂಜಿಕಿ ಹತ್ತ್ಯದ ಮುಸರತ. ಇಷ್ಟು ದಿನ ಸಾಲಿ ಹೋಗ್ತದ ಅಂತ ಅಂಜತಿದ್ದೆ. ಈಗ ಮುಂಜಾನೆ ಮಕ್ಕಳ ಚಪ್ಪಲಿ ಸಪ್ಪಳ ಜಿನಿ ಮೆಟ್ಟಲ ಮ್ಯಾಲ ಕೇಳಿದ್ರ ಮೊದಲು ತಲಿ ಎತ್ತಿ ಸೀಲಿಂಗ್ ನೋಡ್ತೀನಿ.

ಶಿವಕುಮಾರಿ

* * *

ವಿಕ್ರೋಳಿ
4 ಜೂನ್ 2025

ಮುಸರತ,

ನಿನ್ನ ಉತ್ತರ ಬರಲಿಲ್ಲ. ಮೌಲಾಲಿ ಕೇಳಿದ್ರ "ವೈನಿ ಓದ್ಯಾಳ, ಓದಿ ಕಿಡಕಿ ಕಡೆ ನೋಡಕೋತ ಕುಂತಳು" ಅಂತಾನ. ಅಷ್ಟು ಸಾಕು ನನಗ.

ಈ ಸಲ ಮಳಿ ಮೇ ತಿಂಗಳದಾಗೇ ಬಂತಲ್ಲ. ರಜಾದಾಗ ಎರಡು ಸಲ ಹೋಗಿ ಹಾಲಿನ ಬಾಗಿಲ ತಗದು ನೋಡೀನಿ. ಗ್ರಹದ ಬಣ್ಣ ಹಳದಿ ಆಗ್ಯದ, ನೀರು ಇಳೀತದ. ನಡುವಿನ ಹೊಟ್ಟಿ ಇನ್ನಷ್ಟು ಕೆಳಗ ಬಂದದ. ಬಾಗಿಲದಾಗ ನಿಂತು ಒಳಗ ಕಾಲಿಡಲಿಕ್ಕ ಧೈರ್ಯ ಆಗಲಿಲ್ಲ. ಇಂಜಿನಿಯರ್ ಬರಲಿಲ್ಲ. ಬರೂದಿಲ್ಲ. ಒಂದು ಹಲಗಿನೂ ಮುಟ್ಟಬಾರದು, ದಾನಿ ಸಿಟ್ಟಾಗ್ತಾರ ಅಂತ ಈರಣ್ಣ ಸರ್ ತಾಕೀದು ಮಾಡ್ಯಾರ.

ಅದಕ್ಕ ನನಗ ಬರೂ ಒಂದೇ ಕೆಲಸ ಮಾಡಿದೆ. ಛತ್ರಿ ತಗೊಂಡು ಮನಿ ಮನಿಗೆ ಹೋದೆ. ಪ್ರತಿ ವರ್ಷ ಹೋಗೂ ಅದೇ ಚಾಳ್, ಅದೇ ಹೊಸ್ತಿಲು. ಈ ಸಲ ಹೇಳಿದ್ದು ಉಲ್ಟಾ: "ನಿಮ್ಮ ಮಕ್ಕಳನ್ನ ನಮ್ಮ ಸಾಲಿಗೆ ಕಳಸಬ್ಯಾಡ್ರಿ. ಬಿಲ್ಡಿಂಗ್ ಸರಿ ಇಲ್ಲ."

ಯಾರೂ ನಂಬಲಿಲ್ಲ ಮುಸರತ! ಒಬ್ಬಾತ "ಟೀಚರ್ ಚೇಷ್ಟಿ ಮಾಡ್ತಾರ" ಅಂತ ನಕ್ಕು ಚಾ ಕೊಟ್ಟ. ಇನ್ನೊಬ್ಬಾಕಿ, ಜಾಗಾ ತುಂಬ್ಯದೇನು, ಏನರೆ ಕೊಡಬೇಕೇನು ಅಂತ ಕೈ ಹಿಡದು ಮೂಲ್ಯಾಗ ಕರದು ಕೇಳಿದಳು. ಭಾಗವ್ವ ಅಂತೂ ಬಾಗಿಲದಾಗೇ ನಿಂದರಿಸಿದಳು. "ದೊಡ್ಡ ದೊಡ್ಡವರ ಮಕ್ಕಳು ಬರಲಿಕ್ಕತ್ತಾರ ಅಂತ ಈಗ ನಮ್ಮವು ಬ್ಯಾಡಾದ್ವೇನ್ರಿ ಅಕ್ಕೋರ? ಭಾಂಡಿ ತಿಕ್ಕೂವರ ಮಕ್ಕಳು ಅಂತ ಹಿಂಗ ಹೇಳ್ತೀರೇನು?" ಅಂದು ಅತ್ತಳು. ನಾನೂ ಅತ್ತೆ. ಆದರ ನಾ ಯಾಕ ಅತ್ತೆ ಅಂತ ಅಕಿಗೆ ತಿಳೀಲಿಲ್ಲ. ಹೊರಗ ಬಂದು ನೋಡ್ತೀನಿ, ಶೀತಲ ಹೊಸಾ ರೇನ್‌ಕೋಟ್ ಹಾಕ್ಕೊಂಡು ನಳದ ಕೆಳಗ ನಿಂತು ನೀರು ಒಳಗ ಬರ್ತದೋ ಇಲ್ಲೋ ಅಂತ ನೋಡಲಿಕ್ಕತ್ತಿದ್ದಳು. "ಸಾಲಿಗೆ ಹಾಕ್ಕೊಂಡು ಬರ್ತೀನ್ರಿ ಟೀಚರ್" ಅಂದಳು.

ತಕರಾರಿನ ಟೀಚರ್ ಅಂತ ನಿನ್ನ ಮಾತು ಯಾರೂ ಕೇಳಲಿಲ್ಲ. ಆದರ್ಶ ಟೀಚರ್ ಅಂತ ನನ್ನ ಮಾತು ಯಾರೂ ಕೇಳವಲ್ರು. ಹದಿನಾರಕ್ಕ ಸಾಲಿ ಸುರು. ನಾ ಏನ್ ಮಾಡಲಿ?

ಶಿವಕುಮಾರಿ

* * *

ಸಾಂತಾಕ್ರೂಜ್
11 ಜೂನ್ 2025

ಕುಮಾರಿ,

ನೀ ಅಂತ ಬರೀಲಿಕ್ಕತ್ತೀನಿ. ನಗಬ್ಯಾಡ.

ಮೊದಲು ಒಂದು ಮಾತು ಹೇಳಿ ಮುಗಸ್ತೀನಿ. ನೀ ಸಹಿ ಹಾಕಲಿಲ್ಲ ಅಂತ ನಾ ಮುನಿಸಿಕೊಂಡಿದ್ದಲ್ಲ. ನಿನಗೂ ಕಾರಣ ಇತ್ತು. ಬದಲಿ ಆರ್ಡರ್ ತಗೊಂಡು ನಾ ಆ ಸಾಲಿ ಬಿಟ್ಟು ಹೋಗೂ ದಿನ ನೀ ಗೇಟಿನ ತನಕ ಬರಲಿಲ್ಲ. ಸ್ಟಾಫ್ ರೂಮಿನ ಕಿಡಕಿಯಾಗ ನಿಂತಿದ್ದಿ. ಹಿಂದ ಹೊಳ್ಳಿ ನೋಡಿದೆ, ನೀ ಪರದೆ ಸರಿಸಿದಿ. ಅದು ನನ್ನ ಎದಿಗೆ ಚುಚ್ಚಿತು ಕುಮಾರಿ. ಇಷ್ಟೇ. ಈಗ ಹೇಳಿದೆ, ಹಗರ ಆತು.

ಕೆಲಸದ ಮಾತು. ನಾನೂ ಬರದೆ, ನಾನೂ ಹೇಳಿದೆ. ನೀನೂ ಹೇಳಿದಿ. ಮಾತಿನಿಂದ ಆಗೂದಿಲ್ಲ. ಆ ತಾಯಂದಿರು ಚಂದದ ಸೀಲಿಂಗ್ ಅಷ್ಟೇ ನೋಡ್ಯಾರ, ಅದರ ಮ್ಯಾಲ ಏನದ ಅಂತ ನೋಡೇ ಇಲ್ಲ. ಮೊದಲನೇ ದಿನ ಪ್ರವೇಶೋತ್ಸವ ಅಂತ ಹೂ ಕೊಟ್ಟು ಬ್ಯಾಂಡ್ ಬಾರಿಸಿ ಮಕ್ಕಳನ್ನ ಕರಕೋತಾರಲ್ಲ, ತಾಯಂದಿರೂ ಬರ್ತಾರ. ಮಕ್ಕಳು ಅಂಗಳದಾಗ ಇರೂ ಹೊತ್ತಿನ್ಯಾಗ ತಾಯಂದಿರನ್ನ ಮ್ಯಾಲ ಕರಕೊಂಡು ಹೋಗು. ಬಾಗಿಲದ ಹೊರಗ ನಿಲ್ಲಸು, ಒಳಗ ಒಬ್ಬಾಕೀನೂ ಬಿಡಬ್ಯಾಡ. ಉದ್ದನ ಕೋಲು ತಗೋ. ಹೇಳಬ್ಯಾಡ, ತೋರಸು.

ಸಾಲಿ ಹೋಗ್ತದ. ನಿನ್ನ ಹೆಸರೂ ಹೋಗ್ತದ. ತಿಳಕೊಂಡು ಮಾಡು.

ನಿನ್ನ
ಮುಸರತ

* * *

ವಿಕ್ರೋಳಿ
17 ಜೂನ್ 2025

ಮುಸರತ,

ಮಾಡಿದೆ.

ಬ್ಯಾಂಡ್ ನಡದಿತ್ತು. ಘಾಟ್ಕೋಪರದ ಮಕ್ಕಳೂ ಬಂದಿದ್ವು, ಅಂಗಳ ತುಂಬಿ ತುಳುಕುತಿತ್ತು. "ಹೊಸಾ ಖೋಲಿ ತೋರಸ್ತೀನಿ ಬರ್ರಿ" ಅಂತ ಹೇಳಿ ತಾಯಂದಿರನ್ನ ಮ್ಯಾಲ ಕರಕೊಂಡು ಹೋದೆ. ಈರಣ್ಣ ಸರ್ ಖುಷಿಯಾಗಿ ತಲಿ ಆಡಿಸಿದ್ರು, ಆದರ್ಶ ಶಿಕ್ಷಕಿ ಸಾಲಿ ತೋರಸಲಿಕ್ಕ ಹೊಂಟಾಳ ಅಂತ. ಮೌಲಾಲಿ ಜಿನಿ ಕೆಳಗ ಅಡ್ಡ ನಿಂತ, ಒಂದು ಮಗೂನೂ ಮ್ಯಾಲ ಬರಗೊಡಲಿಲ್ಲ.

ಎಲ್ಲಾರನ್ನೂ ಬಾಗಿಲದ ಹೊರಗ ನಿಲ್ಲಿಸಿ, ಜೇಡರ ಬಲಿ ತಗಿಯೂ ಬಿದಿರ ಕೋಲಿಗೆ ಇನ್ನೊಂದು ಕೋಲು ಕಟ್ಟಿ, ಹೊಸ್ತಿಲದಾಗ ನಿಂತು ಚುಚ್ಚಿದೆ. ಮೊದಲು ಒಂದು ಹಲಗಿ ಬಿತ್ತು. ಅದರ ಹಿಂದ ಸಿಮೆಂಟು, ಕಲ್ಲು, ಜಂಗಿನ ಪುಡಿ ಸುರೀತು, ಹೊಲದಾಗ ರಾಶಿ ಸುರದಂಗ. ನಾ ಕೋಲು ಬಿಟ್ಟು ಹಿಂದ ಸರದೆ. ಆಮ್ಯಾಲ ನಾ ಮುಟ್ಟದನ ಮ್ಯಾಲಿನ ಸ್ಲ್ಯಾಬೇ ಒಂದು ತುಂಡು ಬಂತು. ನಮ್ಮ ಸ್ಟಾಫ್ ರೂಮಿನ ಟೇಬಲ್ ಅಷ್ಟು ದೊಡ್ಡದು. ಎರಡು ಬೆಂಚು ಪುಡಿ ಆದ್ವು. ನೆಲ ನಡಗಿತು. ಕೆಳಗ ಬ್ಯಾಂಡ್ ನಿಂತಿತು.

ಧೂಳ ಇಳದ ಮ್ಯಾಲ ನೋಡಿದ್ರ ಮ್ಯಾಲ ಮಳಿ ಮೋಡ ಕಾಣತಿತ್ತು. ಭಾಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನ್ನ ಮಗಳು ಇಡೀ ವರ್ಷ ಇದರ ಕೆಳಗ ಕುಂತಿದ್ದಳೇನ್ರಿ ಅಕ್ಕೋರ?" ಅಂದಳು. ಹೌದು ಅಂದೆ. "ನಿಮಗ ಗೊತ್ತಿತ್ತೇನ್ರಿ?" ಅಂದಳು. ಹೌದು ಅಂದೆ. ಉಗುಳತಾಳ ಅನ್ಕೊಂಡೆ. ಉಗುಳಿದ್ರ ಛಲೋ ಇತ್ತು. ಅಕಿ ಕೆಳಗಿಳದು, ಎರಡೂ ಮಕ್ಕಳ ಕೈ ಹಿಡಕೊಂಡು, ಹೊಳ್ಳಿ ನೋಡದ ಹೋದಳು.

ಸಂಜಿಕೆ ಇಂಜಿನಿಯರ್ ಬಂದ! ಇಷ್ಟು ದಿನ ಬರದಾಂವ. ಹಾಲಿಗೆ ಸೀಲ್ ಬಿತ್ತು. ಸಾರ್ವಜನಿಕ ಆಸ್ತಿ ಹಾಳು ಮಾಡೀರಿ ಅಂತ ನನಗ ನೋಟಿಸ್ ಬಂತು. ಗೇಟಿನ ಬ್ಯಾನರ್ ತಗದಾರ. ಕನ್ನಡ ಮಕ್ಕಳು ಯಾವ ಸಾಲಿಗೆ ಬೇಕಾದ್ರ ಹೋಗಬಹುದು ಅಂತ ಹೇಳ್ಯಾರ, ಅಂದ್ರ ಕನ್ನಡ ಸಾಲಿ ಮುಗೀತು.

ನನ್ನ ಜೀವನದ ಕೆಲಸ ನಾನೇ ಕೋಲಿನಿಂದ ಕೆಡವಿದೆ ಮುಸರತ. ಮನಿಗೆ ಬಂದು ಮಲಗಿದೆ. ಎಷ್ಟೋ ತಿಂಗಳ ಮ್ಯಾಲ ಕಣ್ಣಿಗೆ ನಿದ್ದಿ ಹತ್ತಿತು.

ನಿನ್ನ
ಕುಮಾರಿ

* * *

ವಿಕ್ರೋಳಿ
25 ಜೂನ್ 2025

ಮುಸರತ,

ಮುಗೀತು ಅಂತ ಬರದಿದ್ದೆ. ಮುಗದಿಲ್ಲ.

ಇವತ್ತು ನೋಟಿಸಿಗೆ ಉತ್ತರ ಕೊಡಲಿಕ್ಕ ಸಾಲಿಗೆ ಹೋಗಿದ್ದೆ. ಅವರು ಸೀಲ್ ಮಾಡಿದ್ದು ನಮ್ಮ ಹಾಲ್ ಅಷ್ಟೇ. ಕೆಳಗಿನ ಮಾಳಿಗಿಯಾಗ ಹಿಂದಿ ಸಾಲಿ ನಡದೇ ಅದ. ಬಾಲವಾಡಿ ಮಕ್ಕಳೂ ಅಲ್ಲೇ. ಆ ಬಿದ್ದ ಸ್ಲ್ಯಾಬ್, ಕಲ್ಲು, ರಾಡಿ ಎಲ್ಲಾ ಇನ್ನೂ ನಮ್ಮ ಹಾಲಿನ ನೆಲದ ಮ್ಯಾಲ ಬಿದ್ದದ, ಮ್ಯಾಲ ತೂತಿನಿಂದ ಮಳಿ ನೀರು ಸೀದಾ ಸುರೀತದ, ಹೋಗಲಿಕ್ಕ ದಾರಿ ಇಲ್ಲ. ನಮ್ಮ ನೆಲ ಅಂದ್ರ ಅವರ ಛತ್ತು. ಇದು ತಿಳೀಲಿಕ್ಕ ಇಂಜಿನಿಯರ್ ಬೇಕೇನು?

ಓಡಿ ಕೆಳಗ ಹೋದೆ. ಅಲ್ಲಿ ತಲಿ ಎತ್ತಿ ನೋಡಿದೆ. ಅಲ್ಲೂ ಫಾಲ್ಸ್ ಸೀಲಿಂಗ್! ನನ್ನ ಪ್ರಶಸ್ತಿ ನೋಡಿ ಅದೇ ದಾನಿ ರಜಾದಾಗ ಕೆಳಗಿನ ಖೋಲಿಗೆಲ್ಲಾ ಹಾಕಿಸಿ ಕೊಟ್ಟಾನಂತ. ಗಿಳಿ, ನವಿಲು, ಹೂ ಬರದಾರ. ಅದರ ಮ್ಯಾಲ ಏನದ ಅಂತ ಈಗ ಯಾರಿಗೂ ಕಾಣೂದಿಲ್ಲ.

ವಂದನಾ ಟೀಚರ್ ಕೈ ಹಿಡಕೊಂಡು ಹೇಳಿದೆ. ಹೋದ ವರ್ಷ ನೀನೇ ಸುಣ್ಣ ಉದುರತದ ಅಂತ ಓಡಿ ಬಂದಿದ್ದಿಯಲ್ಲವಾ ಅಂದೆ. ಅಕಿ ಕೈ ಬಿಡಿಸಿಕೊಂಡಳು. ಈ ವರ್ಷದ ಪ್ರಶಸ್ತಿಗೆ ಅಕಿ ಹೆಸರು ಹೋಗ್ಯದಂತ. ಆಗಸ್ಟ್‌ದಾಗ ಕಮಿಟಿ ಬರ್ತದಂತ. "ನಿಮಗ ಸಿಕ್ಕಿತು, ನನಗ ಸಿಗಬಾರದೇನು? ಹೊಟ್ಟಿಕಿಚ್ಚು" ಅಂದಳು. ಅಕಿ ಮಾರಿ ನೋಡಿದೆ. ಕೆಟ್ಟಾಕಿ ಅಲ್ಲ ಮುಸರತ. ಮಕ್ಕಳಿಗೆ ಜೀವ ಕೊಡೂ ಟೀಚರ್. ಹೋದ ವರ್ಷ ನನ್ನ ಮಾರಿ ಹೆಂಗಿತ್ತೋ ಹಂಗೇ ಇತ್ತು ಅಕಿ ಮಾರಿ.

ಸೀದಾ ಹಿಂದಿಯವರ ವಸ್ತಿಗೆ ಹೋಗಿ ಮೂರು ಮನಿ ಬಾಗಿಲ ಬಡದೆ. ಅಲ್ಲಿ ನನಗ ಯಾರೂ ಅಕ್ಕೋರ ಅನ್ನೂದಿಲ್ಲ. ನನ್ನ ಹಿಂದಿ ನಿನಗ ಗೊತ್ತಲ್ಲ, ಕಾಯಿಪಲ್ಯ ತರೂದಕ್ಕ ಸಾಕು, ಜೀವದ ಮಾತು ಹೇಳಲಿಕ್ಕ ಸಾಕಾಗೂದಿಲ್ಲ. "ಕನ್ನಡ ಸಾಲಿ ಒಡದ ಹುಚ್ಚಿ ಬಂದಾಳ" ಅಂತ ಒಬ್ಬಾಂವ ಮಾರಿ ಮ್ಯಾಲ ಬಾಗಿಲ ಹಾಕಿದ.

ನೀ ಬಾಯಿ ತಗದ್ರ ಅವರಿಗೆ ತಿಳೀತದ. ಅವರ ಮಾತು ನಿನ್ನ ಮನಿ ಉರ್ದೂ ಮಾತಿನ ಬಾಜೂಕೇ ಅದ. ಬಾ. ಇದೊಂದು ಕೇಳ್ತೀನಿ, ಮುಂದ ಏನೂ ಕೇಳೂದಿಲ್ಲ. ಮಧ್ಯಾಹ್ನದಿಂದ ಮಳಿ ಜೋರಾಗ್ಯದ.

ಕುಮಾರಿ

* * *

ವಿಕ್ರೋಳಿ
26 ಜೂನ್ 2025, ಮುಂಜಾನೆ

ಕುಮಾರಿ,

ರಜಾ ಹಾಕಿ ಬಂದೀನಿ. ನಿಮ್ಮ ಬಿಲ್ಡಿಂಗಿನ ಕೆಳಗ ಚಾ ಅಂಗಡಿಯಾಗ ನಿಂತು ಇದನ್ನ ಬರದು ಮೌಲಾಲಿ ಕೈಯಾಗ ಮ್ಯಾಲ ಕಳಸೀನಿ. ನಾ ಮ್ಯಾಲ ಬಂದ್ರ ಮಾತಿನ್ಯಾಗ ಹೊತ್ತು ಹೋಗ್ತದ, ಫೋನ್ ಮಾಡಿದ್ರ ನಿಂದು ಬಂದ್ ಅದ.

ವಸ್ತಿಗೆ ಈಗ ಹೋಗಿ ಉಪಯೋಗ ಇಲ್ಲ. ದಾರಿಯಾಗ ನೋಡಿದೆ, ಛತ್ರಿ ಹಿಡಕೊಂಡು ಮಕ್ಕಳು ಆಗಲೇ ಹೊಂಟಾವ. ಸೀದಾ ಗೇಟಿಗೆ ಹೋಗೋಣ. ನಾ ಮಾತಾಡ್ತೀನಿ. ನೀ ನನ್ನ ಬಾಜೂಕ ನಿಂದರು, ಅಷ್ಟು ಸಾಕು. ಮಾತು ಕೇಳಲಿಲ್ಲ ಅಂದ್ರ ಇಬ್ಬರೂ ಗೇಟಿಗೆ ಅಡ್ಡ ಮಲಗೋಣ. ನಮ್ಮನ್ನ ತುಳದು ಒಳಗ ಹೋಗಲಿ ನೋಡೋಣ.

ಗಂಟಿ ಏಳಕ್ಕ ಬಾರಸ್ತಾರ. ಚಪ್ಪಲಿ ಹುಡುಕ್ಕೋತ ನಿಲ್ಲಬ್ಯಾಡ, ಇಳದು ಬಾ.

ಮುಸರತ